ತಂಗಿಯ ಸಣ್ಣ ಮೋಟಾರಿನಲ್ಲಿ ಮುಂಡರಗಿಗೆ

ಬೆಟಗೇರಿಯ ಮನೆ ಬಿಟ್ಟಾಗ ನನ್ನ ಕೈಗಡಿಯಾರದಲ್ಲಿ ಆರು ಗಂಟೆ ಹತ್ತು ನಿಮಿಷ. ಆಷಾಢ ಹಿಡಿದು ನಾಲ್ಕು ದಿನವಾಗಿತ್ತು. ಮಳೆಯ ಹನಿ ಇರಲಿಲ್ಲ, ಗಾಳಿ ಮಾತ್ರ ಬೇಕಾದಷ್ಟಿತ್ತು. ತಾಯಿ ಬಾಗಿಲಲ್ಲಿ ನಿಂತು, "ಆಷಾಢದಾಗ ಹೊಸ ಕೆಲಸಕ್ಕ ಹೊಂಡೋದು ಅಂದ್ರ ಏನರ್ಥ?" ಎಂದು ಮೂರನೆಯ ಸಲ ಕೇಳಿದಳು. ತಂಗಿ ಸುಶೀಲಾ, "ಕೂಸುಗಳು ಪಂಚಾಂಗ ನೋಡಿ ಹುಟ್ಟಂಗಿಲ್ಲವ್ವಾ," ಎಂದು ಹೇಳಿ, ಮೋಟಾರಿನ ಮುಂದೆ ಹೋಗಿ ಹ್ಯಾಂಡಲು ತಿರುವಿದಳು. ಎರಡನೆಯ ಸುತ್ತಿಗೆ ಅದು ಚಾಲೂ ಆಯಿತು.

ಸುಶೀಲಾ ಹೆರಿಗೆಯ ನರ್ಸು. ಅವಳಿಗೆ ಕೆಲಸ ಕಲಿಸಿದ ಡಾಕ್ಟರಬಾಯಿ ತನ್ನ ದೇಶಕ್ಕೆ ಮರಳುವಾಗ ತನ್ನ ಬೇಬಿ ಮೋಟಾರನ್ನು ಇವಳಿಗೇ ಕೊಟ್ಟು ಹೋಗಿದ್ದಳು. ಅದಕ್ಕೂ ಮೊದಲು ಮೂರು ವರ್ಷ ಅದನ್ನು ನಡೆಸಲು ಕಲಿಸಿದ್ದಳು. ಜನ ಅದನ್ನು ಬೇಬಿ ಎನ್ನುತ್ತಿದ್ದುದು ಸುಮ್ಮನೆ ಅಲ್ಲ. ಉದ್ದ ಒಂಬತ್ತು ಅಡಿ, ಎತ್ತರ ನನ್ನ ಗದ್ದದವರೆಗೆ. ನಾನೇ ಅಳೆದಿದ್ದೆ. ಹೈಸ್ಕೂಲಿನಲ್ಲಿ ಗಣಿತ ಕಲಿಸುವವನು ನಾನು. ಅಳೆಯದೆ ಯಾವುದನ್ನೂ ನಂಬುವವನಲ್ಲ, ಅಳೆದ ಮೇಲೂ ಬಹಳ ನಂಬುವವನಲ್ಲ.

ಮುಂಡರಗಿಯ ದವಾಖಾನೆಯ ಕಮಿಟಿಯವರು ಅವಳಿಗೆ ಕೆಲಸದ ಕಾಗದ ಕಳಿಸಿದ್ದರು. ಡಂಬಳ ಮತ್ತು ಸುತ್ತಲಿನ ಏಳು ಹಳ್ಳಿಗಳ ಹೆರಿಗೆ ನೋಡಬೇಕು, ಸ್ವಂತ ವಾಹನ ಇರಬೇಕು, ಮನೆಯ ಹಿರಿಯರ ಒಪ್ಪಿಗೆ ಇರಬೇಕು ಎಂದು ಅದರಲ್ಲಿತ್ತು. ತಂದೆ ತೀರಿಕೊಂಡ ಮೇಲೆ ಮನೆಯ ಹಿರಿಯ ನಾನೇ. "ಎರಡು ದಿನ ನಿನ್ನ ಮೋಟಾರಿನಾಗ ಕುಂತು ನೋಡ್ತೀನಿ. ಭರೋಸೆ ಬಂದ್ರ ಕಮಿಟಿಯವರ ಮುಂದ ಹೂಂ ಅಂತೀನಿ. ಬರಲಿಲ್ಲಂದ್ರ ಇಬ್ಬರೂ ಬಸ್ಸಿನಾಗ ತಿರುಗಿ ಬರೋಣು," ಎಂದೆ. ಅವಳು ಒಪ್ಪಿದಳು.

ಖರೆ ಹೇಳಬೇಕೆಂದರೆ ಬೇಡ ಎನ್ನಬೇಕೆಂದೇ ನನ್ನ ಮನಸ್ಸಿನಲ್ಲಿತ್ತು. ಹೆಣ್ಣುಮಗಳು ಒಬ್ಬಳೇ, ಅಷ್ಟು ಸಣ್ಣ ಗಾಡಿಯಲ್ಲಿ, ಎಲ್ಲೆಲ್ಲೋ ಅಡ್ಡಾಡುವುದೆಂದರೆ ನನಗೆ ಹೆದರಿಕೆ. ಅದನ್ನು ಹೆದರಿಕೆ ಎಂದು ಒಪ್ಪಿಕೊಳ್ಳುವ ಬದಲು ನಾನು ಒಂದು ನೋಟುಬುಕ್ಕು ತೆಗೆದುಕೊಂಡೆ. ಮೋಟಾರಿನ ತಪ್ಪುಗಳನ್ನು ಅದರಲ್ಲಿ ಬರೆದುಕೊಳ್ಳುವುದು ನನ್ನ ವಿಚಾರ. ಬೆಟಗೇರಿಗೆ ಅಂಟಿಕೊಂಡ ಗದಗಿನಿಂದ ಮುಂಡರಗಿಗೆ ನೆಟ್ಟಗೆ ಹೋದರೆ ಇಪ್ಪತ್ತನಾಲ್ಕು ಮೈಲಿ. ನಾನು ಬೇಕೆಂದೇ ಸುತ್ತು ಹಾಕಿಸಿದೆ: ಮುಳಗುಂದ, ಲಕ್ಷ್ಮೇಶ್ವರ, ಶಿರಹಟ್ಟಿ, ಆಮೇಲೆ ಮುಂಡರಗಿ. ಪರೀಕ್ಷೆ ಎಂದ ಮೇಲೆ ಎಲ್ಲ ಪಾಠದಿಂದಲೂ ಪ್ರಶ್ನೆ ಬರಬೇಕು.

ಊರು ದಾಟಿ ದೊಡ್ಡ ಸಡಕು ಹಿಡಿದೊಡನೆ ಮೊದಲ ತಪ್ಪು ಸಿಕ್ಕಿತು. ಪಡುವಣ ಗಾಳಿ ನೇರ ಬಲಗಡೆಯಿಂದ ಹೊಡೆಯುತ್ತಿತ್ತು. ಮರ ಇದ್ದಲ್ಲಿ ಮೋಟಾರು ನೆಟ್ಟಗೆ ಓಡುತ್ತಿತ್ತು. ಮರ ಮುಗಿದು ಬಯಲು ಬಂದ ಕೂಡಲೇ ಒಂದು ಗೇಣು ಎಡಕ್ಕೆ ಸರಿಯುತ್ತಿತ್ತು. ಸುಶೀಲಾ ಬಯಲು ಬರುವ ಮೊದಲೇ ಕೈಯಲ್ಲಿನ ಚಕ್ರವನ್ನು ಒಂದಿಷ್ಟು ಗಾಳಿಯ ಕಡೆಗೆ ಹಿಡಿಯುತ್ತಿದ್ದಳು, ಮರ ಬಂದಾಗ ಬಿಡುತ್ತಿದ್ದಳು. ಅವಳ ಮುಖದಲ್ಲಿ ಏನೂ ಇರಲಿಲ್ಲ, ರೊಟ್ಟಿ ಬಡಿಯುವವಳ ಮುಖದಲ್ಲಿ ಏನಿರುತ್ತದೋ ಅಷ್ಟೇ ಇತ್ತು. ನಾನು ಬರೆದೆ: ಒಂದು, ಗಾಳಿಗೆ ಸರಿಯುತ್ತದೆ.

ಎರಡನೆಯದು ಬಂಡಿಯ ಜಾಡು. ನಮ್ಮ ಕಡೆಯ ಸಡಕುಗಳಲ್ಲಿ ಬಂಡಿಗಳು ಓಡಾಡಿ ಎರಡು ಕಾಲುವೆ ಬಿದ್ದಿರುತ್ತವೆ. ದೊಡ್ಡ ಮೋಟಾರುಗಳ ಗಾಲಿಗಳು ಆ ಕಾಲುವೆಗಳಲ್ಲಿ ಸರಿಯಾಗಿ ಕೂತು ಓಡುತ್ತವೆ. ಬೇಬಿಯ ಗಾಲಿಗಳ ನಡುವಿನ ಅಂತರ ಬಂಡಿಗಿಂತ ಒಂದು ಮೊಳದಷ್ಟು ಕಡಿಮೆ. ಒಂದು ಕಡೆಯ ಗಾಲಿ ಜಾಡಿನಲ್ಲಿಳಿದರೆ ಇನ್ನೊಂದು ಕಡೆಯದು ನಡುವಿನ ದಿಬ್ಬದ ಮೇಲೆ. ಮುಳಗುಂದ ಮುಟ್ಟುವವರೆಗೆ ಹನ್ನೆರಡು ಮೈಲಿ ನಾನು ಎಡಕ್ಕೆ ವಾಲಿಕೊಂಡೇ ಬಂದೆ. ನನ್ನ ತೂಕವೂ ಸ್ವಲ್ಪ ಜಾಸ್ತಿಯೇ, ಅದನ್ನು ನೋಟುಬುಕ್ಕಿನಲ್ಲಿ ಬರೆಯಲಿಲ್ಲ.

ಮೂರನೆಯದು ಬಸ್ಸು. ಎದುರಿನಿಂದ ಹುಬ್ಬಳ್ಳಿಯ ಬಸ್ಸು ಬಂದಾಗ ಅದರ ಗಾಳಿ ಮೊದಲು ನಮ್ಮನ್ನು ಆಚೆ ನೂಕಿತು, ದಾಟಿದ ಮೇಲೆ ತನ್ನ ಕಡೆ ಎಳೆಯಿತು. ನನಗೆ ಅರಿವಿಲ್ಲದೆ ಬಲಗಾಲಿನಿಂದ ಮುಂದಿನ ಹಲಗೆಯನ್ನು ಬಲವಾಗಿ ಒತ್ತಿದೆ.

"ಅಣ್ಣಾ, ಆ ಕಡೆ ಬ್ರೇಕ್ ಇಲ್ಲ," ಎಂದಳು ಸುಶೀಲಾ.

"ಕಾಲು ಜೋಮು ಹಿಡಿದಿತ್ತು," ಎಂದೆ.

ಮುಳಗುಂದದಲ್ಲಿ ಚಹಾ ಕುಡಿದು, ರೇಡಿಯೇಟರಿಗೆ ನೀರು ಹಾಕುವಾಗ ಬ್ರೇಕು ಹೇಗೆ ಹಿಡಿಯುತ್ತದೆ ಎಂದು ಕೇಳಿದೆ. ಅವಳು ಹಿಂದಿನ ಗಾಲಿಯನ್ನು ತಟ್ಟಿ ತೋರಿಸಿದಳು. ಬ್ರೇಕು ಇರುವುದು ಹಿಂದಿನ ಎರಡಕ್ಕೇ. ಒಳಗೆ ಒಂದು ಕಬ್ಬಿಣದ ಡಬರಿ ಇದೆ, ಅದು ಗಾಲಿಯ ಕೂಡ ತಿರುಗುತ್ತದೆ. ಅದರೊಳಗೆ ಎರಡು ಬಿಲ್ಲೆಗಳಿವೆ. ಪೆಡಲು ಒತ್ತಿದರೆ ಅವು ಅಗಲಾಗಿ ಡಬರಿಯನ್ನು ಒತ್ತಿ ಹಿಡಿಯುತ್ತವೆ. "ಒಣಾ ಒಣಾ ತಿಕ್ಕಿದ್ರ ಹಿಡೀತೈತಿ, ಅಷ್ಟ," ಎಂದಳು. ನಾನು ತಲೆಯಾಡಿಸಿದೆ. ವಿದ್ಯಾರ್ಥಿಗಳು ಹೀಗೆ ತಲೆಯಾಡಿಸಿದಾಗ ಅವರಿಗೆ ಏನೂ ತಿಳಿದಿಲ್ಲ ಎಂದು ನನಗೆ ಗೊತ್ತಾಗುತ್ತದೆ.

ಮುಳಗುಂದ ದಾಟಿದ ಮೇಲೆ ಹಳೆಯ ಸಂಸ್ಥಾನದ ಗಡಿ ಬರುತ್ತದೆ. ಸಂಸ್ಥಾನಗಳು ವಿಲೀನವಾಗಿ ಐದಾರು ವರ್ಷಗಳಾದರೂ ಗಡಿ ಎಲ್ಲಿತ್ತೆಂದು ಕುಂಡಿಯ ಕೆಳಗೇ ತಿಳಿಯುತ್ತಿತ್ತು. ಮುಂಬಯಿ ಸರಕಾರದ ಕಡಿ ಕಲ್ಲಿನ ಸಡಕು ಮುಗಿದು ಸಂಸ್ಥಾನದ ಗರಸು ಮಣ್ಣಿನ ಸಡಕು ಶುರುವಾಯಿತು. ಸುಂಕದ ನಾಕಾದ ಬಿದಿರು ಹಾಗೆಯೇ ಇತ್ತು, ಸಡಕಿಗೆ ಅಡ್ಡವಾಗಿ, ಅರ್ಧ ಏರಿಸಿದ ಹಾಗೆ. ಅದರ ಮೇಲೆ ಎರಡು ಧೋತರ ಒಣಗುತ್ತಿದ್ದವು. ನಾಕಾದ ಹಳೆಯ ಸಿಪಾಯಿ ಪಕ್ಕದಲ್ಲಿ ಬೀಡಿ ಅಂಗಡಿ ಇಟ್ಟುಕೊಂಡಿದ್ದ. ಬಸ್ಸುಗಳು ಬಿದಿರನ್ನು ಬಳಸಿ ಹೊಲದ ಅಂಚಿನಿಂದ ಹೋಗುತ್ತಿದ್ದುದರಿಂದ ಅಲ್ಲಿ ಬೇರೆಯೇ ದಾರಿ ಬಿದ್ದಿತ್ತು.

ಸಿಪಾಯಿ ಎದ್ದು, "ತಡೀರಿ, ಎತ್ತತೀನಿ," ಎಂದ.

"ಬ್ಯಾಡ್ರಿ, ಕುಂಡ್ರಿ," ಎಂದಳು ಸುಶೀಲಾ, ಮತ್ತು ಬಿದಿರಿನ ಕೆಳಗಿನಿಂದಲೇ ಮೋಟಾರನ್ನು ದಾಟಿಸಿದಳು. ಧೋತರದ ಸೆರಗು ನಮ್ಮ ತಗಡಿನ ತಲೆ ಸವರಿತು.

ಸಿಪಾಯಿ ಬಹಳ ಹೊತ್ತು ನೋಡುತ್ತ ನಿಂತ. "ಮೂವತ್ತು ವರ್ಷ ನೌಕರಿ ಮಾಡೀನ್ರಿ. ಬಿದಿರು ಎತ್ತದ ಯಾರನ್ನೂ ಒಳಗ ಬಿಟ್ಟಿದ್ದಿಲ್ಲ," ಎಂದ. ಆ ಮಾತಿನಲ್ಲಿ ಸ್ವಲ್ಪ ದುಃಖವೇ ಇತ್ತು. ಇದನ್ನು ತಪ್ಪಿನ ಪಟ್ಟಿಯಲ್ಲಿ ಸೇರಿಸಬೇಕೋ ಗುಣದ ಪಟ್ಟಿಯಲ್ಲೋ ತಿಳಿಯದೆ ಪುಟ ಖಾಲಿ ಬಿಟ್ಟೆ.

ಲಕ್ಷ್ಮೇಶ್ವರದಲ್ಲಿ ಹನ್ನೊಂದೂವರೆಗೆ ಇಳಿದೆವು. ಬಜಾರದ ಖಾನಾವಳಿಯಲ್ಲಿ ಬಿಳಿ ಜೋಳದ ರೊಟ್ಟಿ, ಬದನೆಕಾಯಿ ಎಣಗಾಯಿ, ಶೇಂಗಾದ ಹಿಂಡಿ, ಮೊಸರು. ಇಬ್ಬರ ಊಟಕ್ಕೆ ಒಂದು ರೂಪಾಯಿ. ಹೊರಗೆ ಮೋಟಾರಿನ ಸುತ್ತ ಜನ ನೆರೆದರು. ಹೆಣ್ಣುಮಗಳು ನಡೆಸುತ್ತಾಳೆ ಎಂಬುದಕ್ಕಿಂತ ಇಷ್ಟು ದಪ್ಪ ಮಾಸ್ತರು ಅದರಲ್ಲಿ ಹೇಗೆ ಹಿಡಿದ ಎಂಬುದೇ ಅವರಿಗೆ ಹೆಚ್ಚಿನ ಆಶ್ಚರ್ಯ. ಖಾನಾವಳಿಯ ಯಜಮಾನ ಪೇಪರು ಓದುತ್ತಿದ್ದ. ಕನ್ನಡದವರದೆಲ್ಲ ಒಂದೇ ರಾಜ್ಯವಾಗಬೇಕೆಂಬ ಸುದ್ದಿ ಅದರ ತುಂಬ.

"ಒಂದ ರಾಜ್ಯ ಆದ್ರ ಸಡಕೂ ಒಂದ ನಮೂನಿ ಆಕ್ಕಾವೇನ್ರಿ ಮಾಸ್ತರ?" ಎಂದು ಕೇಳಿದ.

"ಆಗಬೇಕು," ಎಂದೆ.

"ಆಗಬೇಕು ಅನ್ನೋದು ಬ್ಯಾರೆ, ಆಗೋದು ಬ್ಯಾರೆರಿ," ಎಂದು ಪೇಪರು ಮಡಿಚಿ ಇಟ್ಟ.

ಶಿರಹಟ್ಟಿ ಅಲ್ಲಿಂದ ಎಂಟು ಮೈಲಿ. ಗಾಳಿ ಈಗ ಬೆನ್ನ ಹಿಂದೆ ಬಂದಿತ್ತು, ಮೋಟಾರು ತಾನೇ ಓಡಿದ ಹಾಗೆ ಓಡಿತು. ಸುಶೀಲಾ ಗಂಟೆಗೆ ಇಪ್ಪತ್ತೈದು ಮೈಲಿ ಹೊಡೆದಳು. ಗಾಳಿ ಬಂದಾಗ ತೂರಿಕೊಳ್ಳಬೇಕೆಂಬುದು ಮೋಟಾರಿಗೂ ಗೊತ್ತಿದ್ದ ಹಾಗಿತ್ತು. ಒಂದು ಗಂಟೆಗೆಲ್ಲ ದಸ್ತಗೀರನ ಮನೆಯ ಮುಂದೆ ನಿಂತೆವು. ದಸ್ತಗೀರ ಅಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರು, ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ನನ್ನ ಜೊತೆ ಓದಿದವನು. ಅಂದಿನ ವಸತಿ ಅವನಲ್ಲಿ. ಅವನ ಹೆಂಡತಿ ಸುಶೀಲಾಳನ್ನು ಒಳಗೆ ಕರೆದುಕೊಂಡು ಹೋದವಳು ರಾತ್ರಿ ಊಟದ ಹೊತ್ತಿನವರೆಗೆ ಬಿಡಲಿಲ್ಲ. ಓಣಿಯ ಬಸುರಿಯರೆಲ್ಲ ಹಿತ್ತಲ ಬಾಗಿಲಿನಿಂದ ಬಂದು ತೋರಿಸಿಕೊಂಡು ಹೋದರೆಂದು ಆಮೇಲೆ ತಿಳಿಯಿತು.

ಮರುದಿನ ಬೆಳಿಗ್ಗೆ ನಾನು ಅಂಗಳದಲ್ಲಿ ಹಲ್ಲು ತಿಕ್ಕುತ್ತಿದ್ದೆ. ದಸ್ತಗೀರನ ಬಂಡಿ ಹೊಡೆಯುವ ಮುದುಕ ಫಕೀರಪ್ಪ ಮೋಟಾರಿನ ಸುತ್ತ ಎರಡು ಸಲ ತಿರುಗಿ ಬಂದು ನನ್ನೆದುರು ನಿಂತ.

"ಗಾಲಿ ಒಣಗ್ಯಾವ್ರಿ. ಎಣ್ಣಿ ಹಾಕಲೇನ್ರಿ?"

ನಮ್ಮ ಕಡೆ ಬೀಗರಿರಲಿ, ಗೆಳೆಯರಿರಲಿ, ಮನೆಗೆ ಬಂದವರ ಬಂಡಿ ಒಣ ಗಾಲಿಯಲ್ಲಿ ಹೊರಡಬಾರದು. ಎತ್ತಿಗೆ ಮೇವು, ಅಚ್ಚಿಗೆ ಕೀಲೆಣ್ಣೆ, ಜನಕ್ಕೆ ಬುತ್ತಿ, ಇಷ್ಟು ಕೊಟ್ಟ ಮೇಲೆಯೇ ಕಳಿಸುವುದು. ಕೀಲೆಣ್ಣೆ ಎಂದರೆ ಔಡಲೆಣ್ಣೆಯಲ್ಲಿ, ಎಂದರೆ ಹರಳೆಣ್ಣೆಯಲ್ಲಿ, ಹುಲ್ಲು ಸುಟ್ಟ ಬೂದಿ ಕಲಸಿದ್ದು. ಬೇಡ ಎನ್ನುವುದೆಂದರೆ ನಿನ್ನ ಮನೆಯ ನೀರು ಬೇಡ ಎಂದ ಹಾಗೆ. ಬಾಯಲ್ಲಿ ಬೇವಿನ ಕಡ್ಡಿ ಇತ್ತು. "ಹಾಕಪಾ, ಚಲೋ ಹಂಗ ಹಾಕು," ಎಂದೆ.

ಅವನು ಚಲೋ ಹಾಗೆಯೇ ಹಾಕಿದ. ಬಂಡಿಗೆ ಇರುವುದು ಎರಡು ಗಾಲಿ, ಆದ್ದರಿಂದ ಇದಕ್ಕೂ ಹಿಂದಿನ ಎರಡಕ್ಕೆ. ಹೊರಗಿನಿಂದ ಅಚ್ಚು ಕಾಣಲಿಲ್ಲವೆಂದು ಕೆಳಗೆ ಮಲಗಿ, ಒಳಮಗ್ಗುಲಿನ ಸಂದಿಯಲ್ಲಿ ಅರಿವೆಯ ಬತ್ತಿ ತೂರಿಸಿ, ಗಿಂಡಿಯಷ್ಟು ಎಣ್ಣೆ ಕುಡಿಸಿದ. ನಾನು ನಿಂತು ನೋಡಿದೆ. ಅವನ ಶ್ರದ್ಧೆ ನೋಡಿ ಸಂತೋಷವೂ ಆಯಿತು. ಸುಶೀಲಾ ಒಳಗೆ ರೊಟ್ಟಿ ಕಟ್ಟಿಸಿಕೊಳ್ಳುತ್ತಿದ್ದಳು. ಅವಳಿಗೆ ಹೇಳಬೇಕೆಂದು ನನಗೆ ಹೊಳೆಯಲಿಲ್ಲ.

ಏಳು ಗಂಟೆಗೆ ಹೊರಟೆವು. ಶಿರಹಟ್ಟಿಯಿಂದ ಮುಂಡರಗಿಗೆ ಇಪ್ಪತ್ತು ಮೈಲಿಯ ಮೇಲಾಗುತ್ತದೆ. ಎಡಕ್ಕೆ ಕಪ್ಪತಗುಡ್ಡ ಸಾಲಾಗಿ ಬರುತ್ತದೆ, ಸಡಕು ಅದರ ಬುಡದಲ್ಲಿ ಏರುತ್ತ ಇಳಿಯುತ್ತ ಹೋಗುತ್ತದೆ. ಮೊದಲ ಏರಿನಲ್ಲಿ ಮೋಟಾರು ಏದುಸಿರು ಬಿಟ್ಟಿತು, ನಾನು ಇಳಿದು ಪಕ್ಕದಲ್ಲಿ ನಡೆದೆ. ಬರೆದೆ: ಹನ್ನೊಂದು, ಏರಿನಲ್ಲಿ ಹಿರಿಯರನ್ನು ಇಳಿಸುತ್ತದೆ.

"ಇವತ್ತು ಬ್ರೇಕ್ ಯಾಕೋ ಮೆತ್ತಗ ಐತಿ," ಎಂದಳು ಸುಶೀಲಾ ಎರಡು ಸಲ.

ಮುಂಡರಗಿ ಇನ್ನು ಏಳು ಮೈಲಿ ಇರುವಾಗ ಬಂದ ಇಳಿಜಾರು ಅರ್ಧ ಮೈಲಿಯಷ್ಟಿತ್ತು. ಕೆಳಗೆ ಹಳ್ಳ, ಹಳ್ಳದಲ್ಲಿ ಕಟ್ಟಿಗೆ ಹೇರಿದ ನಾಲ್ಕು ಬಂಡಿಗಳು ಒಂದರ ಹಿಂದೆ ಒಂದು ನಿಧಾನ ದಾಟುತ್ತಿದ್ದವು. ಇಳಿಜಾರಿನ ಕಾಲುಭಾಗದಲ್ಲಿ ಸುಶೀಲಾ ಪೆಡಲು ಒತ್ತಿದಳು. ಮೋಟಾರು ನಿಧಾನವಾಗುವ ಬದಲು ಇನ್ನೂ ಓಡಿತು.

"ಹಿಡೀವಲ್ದು," ಎಂದಳು. ದನಿ ಏರಲಿಲ್ಲ. ಕೈಬ್ರೇಕು ಎಳೆದಳು, ಅದೂ ಅದೇ ಹಿಂದಿನ ಗಾಲಿಗಳದು, ಹಿಡಿಯಲಿಲ್ಲ. ಗೇರು ಕೆಳಗೆ ಹಾಕಿದಳು. ಎಂಜಿನ್ನು ಚೀರಿತು, ವೇಗ ಸ್ವಲ್ಪ ಮುರಿಯಿತು. ಇನ್ನೊಂದು ಗೇರು. ಬಂಡಿಯವರು ತಿರುಗಿ ನೋಡಿದ್ದು, ಎತ್ತಿನ ಕೊಂಬಿಗೆ ಕಟ್ಟಿದ ಕೆಂಪು ದಾರ, ಎಲ್ಲವೂ ನನಗೆ ಕಾಣುವಷ್ಟು ಹತ್ತಿರ ಬಂದಿದ್ದೆವು. ನಾನು ಎರಡೂ ಕಾಲಿನಿಂದ ಹಲಗೆಯನ್ನು ಒತ್ತುತ್ತಿದ್ದೆ. ಅವಳು ಎಡಗಡೆಯ ಹೊಲವನ್ನು ಮೊದಲೇ ನೋಡಿಟ್ಟಿದ್ದಳು. ಬದು ಇಲ್ಲದ ಕಡೆ ಚಕ್ರ ತಿರುಗಿಸಿದಳು. ಹಿಂಗಾರಿಗೆಂದು ಹರಗಿ ಬಿಟ್ಟಿದ್ದ ಕಪ್ಪು ಮಣ್ಣಿನ ಎರಿಹೊಲ ಅದು, ಗುಡ್ಡದ ಕಡೆಗೆ ಏರಿತ್ತು. ಮೋಟಾರು ಹತ್ತು ಮಾರು ಹೋಗಿ ಮಣ್ಣಿನಲ್ಲಿ ಹೂತು ನಿಂತಿತು.

ಇಬ್ಬರಿಗೂ ಏನೂ ಆಗಿರಲಿಲ್ಲ. ಬಂಡಿಯವರು ನಾಲ್ವರು ಓಡಿ ಬಂದರು. ಒಬ್ಬೊಬ್ಬರು ಒಂದೊಂದು ಮೂಲೆ ಹಿಡಿದು, ಹುಲ್ಲಿನ ಹೊರೆ ಎತ್ತಿದ ಹಾಗೆ ಮೋಟಾರನ್ನು ಎತ್ತಿ ಸಡಕಿಗೆ ತಂದಿಟ್ಟರು. "ಮೋಟಾರ ಅಂದ್ರ ಇಷ್ಟ ಏನ್ರಿ?" ಎಂದು ಒಬ್ಬ ಕೇಳಿದ.

ಸುಶೀಲಾ ಹಿಂದಿನ ಗಾಲಿಯ ಹತ್ತಿರ ಕುಕ್ಕರಗಾಲಿನಲ್ಲಿ ಕೂತಳು. ಗಾಲಿಯ ಒಳಮಗ್ಗುಲಿನಿಂದ ಕಪ್ಪು ಎಣ್ಣೆ ಸೋರಿ ಇಳಿದಿತ್ತು. ಬೆರಳಿನಿಂದ ಮುಟ್ಟಿ, ಮೂಗಿನ ಹತ್ತಿರ ಹಿಡಿದು, ಹುಲ್ಲಿಗೆ ಒರೆಸಿದಳು. "ಬ್ರೇಕಿನಾಗ ಎಣ್ಣಿ ಹೊಕ್ಕೈತಿ," ಎಂದಳು ಅಷ್ಟೇ, ಮತ್ತು ನನ್ನ ಕಡೆ ನೋಡಿದಳು. ನಾನು ಕಪ್ಪತಗುಡ್ಡದ ಕಡೆ ನೋಡಿದೆ.

ಒಣಾ ಒಣಾ ತಿಕ್ಕಿದರೆ ಹಿಡಿಯುತ್ತದೆ ಎಂದಿದ್ದಳಲ್ಲ, ಅದು ಆಗ ನನಗೆ ಅರ್ಥವಾಯಿತು. ಫಕೀರಪ್ಪನ ಎಣ್ಣೆ, ನನ್ನ ಅಪ್ಪಣೆ. ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಇನ್ನೊಂದು ವಿಚಾರ ಬಂತು. ಹಳೆಯ ಮೋಟಾರಿನ ಒಳಗಿನ ಎಣ್ಣೆ ತಾನೇ ಸೋರಿತೆಂದು ಇವಳು ತಿಳಿದುಕೊಂಡರೆ, ನಾನು ಬೇಡ ಎನ್ನುವ ಅಗತ್ಯವೇ ಉಳಿಯುವುದಿಲ್ಲ, ಇವಳೇ ಬೇಡ ಎನ್ನುತ್ತಾಳೆ. ರೊಟ್ಟಿ ಜಾರಿ ತುಪ್ಪದಲ್ಲಿ ಬಿದ್ದ ಹಾಗಾಗಿತ್ತು. ನಾನು ಬಾಯಿ ಮುಚ್ಚಿಕೊಂಡೆ. ಅದೂ ಇವಳ ಒಳ್ಳೆಯದಕ್ಕೇ ಎಂದು ಮನಸ್ಸಿಗೆ ಹೇಳಿಕೊಂಡೆ.

ಉಳಿದ ಏಳು ಮೈಲಿಯನ್ನು ಅವಳು ಒಂದನೇ ಗೇರಿನಲ್ಲಿ, ಬಂಡಿಯ ವೇಗದಲ್ಲಿ ನಡೆಸಿದಳು. ಎರಡು ತಾಸು ಹಿಡಿಯಿತು. ದಸ್ತಗೀರನ ಹೆಂಡತಿ ಕಟ್ಟಿಕೊಟ್ಟ ಬುತ್ತಿಯನ್ನು ನಾನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ, ಬಿಚ್ಚುವ ಮನಸ್ಸಾಗಲಿಲ್ಲ. ಎದುರಿಗೆ ಬಂದ ಒಬ್ಬ ಬಂಡಿಯವ, "ಏನಾಗೇತ್ರಿ?" ಎಂದು ಕೇಳಿದಾಗ ಅವಳಿಗಿಂತ ಮೊದಲು ನಾನೇ, "ಏನಿಲ್ಲ, ಏನಿಲ್ಲ," ಎಂದೆ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಳ್ಳುವುದು ಹೀಗೆ.

ಮುಂಡರಗಿಯ ದವಾಖಾನೆಯ ಕಟ್ಟೆಯ ಮೇಲೆ ಕಮಿಟಿಯ ಹಿರಿಯರಾದ ಬಸಲಿಂಗಪ್ಪನವರು ಕಾಯುತ್ತಿದ್ದರು. ರುಮಾಲು ಸುತ್ತಿದ, ತೂಕದ ಮಾತಿನ ಮನುಷ್ಯ. ನೀರು, ಬೆಲ್ಲ ಕೊಡಿಸಿದರು. ಕಟ್ಟೆಯ ಕೆಳಗೆ ಡಂಬಳದ ಕಡೆಯಿಂದ ಬಂದ ಒಂದು ಬಂಡಿ ನಿಂತಿತ್ತು. ಅದರಲ್ಲಿ ಹುಲ್ಲಿನ ಮೇಲೆ ಒಬ್ಬ ಬಸುರಿ ಒರಗಿ ಕೂತಿದ್ದಳು, ಪಕ್ಕದಲ್ಲಿ ಅವಳ ಅತ್ತೆ. ಬೆಳಗಿನ ಜಾವಕ್ಕೆ ಹೊರಟು ಈಗ ಬಂದು ಮುಟ್ಟಿದರಂತೆ. ಸುಶೀಲಾ ನೀರಿನ ತಂಬಿಗೆ ಕೆಳಗಿಟ್ಟು ಮೊದಲು ಬಂಡಿಯ ಹತ್ತಿರ ಹೋಗಿ, ಅವಳ ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿ, ಇನ್ನೂ ವೇಳೆ ಇದೆ ಎಂದು ಒಳಗೆ ಕಳಿಸಿ ಬಂದಳು.

"ಮೋಟಾರ ಹೆಂಗೈತಿ ಬಾಯಾರ? ಹಳ್ಳಿ ಸಡಕಿಗೆ ನಡೀತೈತೇನು?" ಎಂದರು ಬಸಲಿಂಗಪ್ಪನವರು.

"ನಮ್ಮಣ್ಣ ಎರಡು ದಿನ ಕುಂತು ನೋಡ್ಯಾನ್ರಿ. ಅವನ್ನ ಕೇಳ್ರಿ," ಎಂದಳು ಸುಶೀಲಾ.

ನಾನು ನೋಟುಬುಕ್ಕು ತೆಗೆದು ಓದಿದೆ. ಗಾಳಿಗೆ ಸರಿಯುತ್ತದೆ, ಜಾಡಿನಲ್ಲಿ ವಾಲುತ್ತದೆ, ಬಸ್ಸು ದಾಟಿದರೆ ನಡುಗುತ್ತದೆ. ಹೀಗೆ ಹದಿಮೂರು. ಅವರು ಒಂದೊಂದಕ್ಕೂ ಹೂಂ ಎಂದರು. ಕೊನೆಯದನ್ನು ಬರೆದಿರಲಿಲ್ಲ, ಬಾಯಲ್ಲಿಯೇ ಹೇಳಿದೆ: "ಇಳಿಜಾರಿನಾಗ ಬ್ರೇಕ್ ಹಿಡೀಲಿಲ್ಲರಿ. ಹೊಲಕ್ಕ ಹೊಕ್ಕು ನಿಂತ್ವಿ."

"ಹಂಗಾರ ಕಷ್ಟ ಐತಿ ಬಿಡ್ರಿ," ಎಂದರು ಅವರು. "ಬಸುರಿ ಹೆಂಗಸರನ್ನ ಕುಂಡ್ರಿಸಿಕೊಂಡು ಬರೋ ಗಾಡಿ."

ಸುಶೀಲಾ ಮೋಟಾರಿನ ಹಿಂದೆ ಹೋಗಿ ತನ್ನ ಹೆರಿಗೆಯ ಚೀಲವನ್ನು ಇಳಿಸಿಕೊಂಡು, ಎದೆಗೆ ಅವಚಿ ಹಿಡಿದು ನಿಂತಳು. ಬಸ್ ಎಷ್ಟು ಗಂಟೆಗೆ ಎಂದು ಕೇಳುವವಳ ಹಾಗೆ ಸಡಕಿನ ಕಡೆ ನೋಡಿದಳು. ನಾನು ಬೇಕೆಂದದ್ದು ನನ್ನ ಕೈಗೆ ಬಂದಿತ್ತು. ಹಿಡಿಯುವುದಕ್ಕೆ ಕೈ ಹೋಗಲಿಲ್ಲ. ಖಾಲಿಯಾದ ಆ ಬಂಡಿಯಲ್ಲಿ ಹುಲ್ಲು ಬಸುರಿಯ ಮೈಯ ಆಕಾರಕ್ಕೆ ತಗ್ಗಾಗಿ ಉಳಿದಿತ್ತು.

"ಆ ತಪ್ಪು ಮೋಟಾರಿಂದ ಅಲ್ಲರಿ, ನಂದು," ಎಂದೆ. ಫಕೀರಪ್ಪ ಕೇಳಿದ್ದು, ನಾನು ಹೂಂ ಎಂದದ್ದು, ಬತ್ತಿ, ಗಿಂಡಿ, ಎಲ್ಲ ಹೇಳಿದೆ. ಹೊಲದಲ್ಲಿ ಗೊತ್ತಾದರೂ ಮುಚ್ಚಿಟ್ಟದ್ದನ್ನೂ ಹೇಳಿದೆ. ಆಮೇಲೆ, "ಬ್ರೇಕ್ ಇಲ್ಲದ ಅರ್ಧ ಮೈಲಿ ಇಳಿಜಾರಿನಾಗ ಮೋಟಾರ ತಡದು ನಿಲ್ಲಿಸ್ಯಾಳ. ಬ್ರೇಕ್ ಇದ್ರ ಇನ್ನೇನು ಹೆದರಿಕಿ? ನನ್ನ ಒಪ್ಪಿಗಿ ಐತ್ರಿ," ಎಂದೆ.

"ಮೋಟಾರಿಗೆ ಕೀಲೆಣ್ಣಿ ಹಾಕಿಸಿದ್ರಿ?" ಎಂದು ಬಸಲಿಂಗಪ್ಪನವರು ಕೇಳಿ, ರುಮಾಲು ಕೈಯಲ್ಲಿ ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. "ಲೆಕ್ಕದ ಮಾಸ್ತರು ನೀವು." ಕಾಗದಕ್ಕೆ ಅಲ್ಲಿಯೇ ಸಹಿ ಮಾಡಿದರು. ಸುಶೀಲಾ ನಗಲಿಲ್ಲ. ಆ ಬಸುರಿಗೆ ಸಂಜೆಗೆ ಗಂಡು ಕೂಸಾಯಿತು.

ಮರುದಿನ ಬೆಳಿಗ್ಗೆ ಅವಳು ಹಿಂದಿನ ಎರಡೂ ಗಾಲಿ ಬಿಚ್ಚಿ, ಬಿಲ್ಲೆಗಳನ್ನು ಹೊರಗೆ ತೆಗೆದು ನನ್ನ ಮುಂದೆ ಇಟ್ಟಳು. ಒಂದು ಡಬ್ಬಿ ಪೆಟ್ರೋಲು, ಹಳೆಯ ಅರಿವೆ, ಉಸುಕಿನ ಕಾಗದ. ನಾನು ಧೋತರ ಮೇಲೆ ಕಟ್ಟಿ ಹತ್ತು ಗಂಟೆಯವರೆಗೆ ತಿಕ್ಕಿದೆ. ತಿಕ್ಕುತ್ತಲೇ ಕೇಳಿದೆ, "ನಾ ಹೇಳಿದಾಗ ನಿನಗ ಆಶ್ಚರ್ಯ ಆಗಲಿಲ್ಲೇನು?"

"ಹೊಲದಾಗ ಗೊತ್ತಾಗಿತ್ತು. ದಿನಾ ಬಸುರಿಯರಿಗೆ ಔಡಲೆಣ್ಣಿ ಕುಡಿಸಾಕಿ ನಾನು. ಅದರ ವಾಸನಿ ನನಗ ತಿಳಿಯಂಗಿಲ್ಲೇನು? ಮೋಟಾರಿನ ಎಣ್ಣಿ ಹಂಗ ನಾರಂಗಿಲ್ಲ."

ನನ್ನ ಕೈ ನಿಂತಿತು. "ಮತ್ತ ಯಾಕ ಬಾಯಿ ಬಿಡಲಿಲ್ಲ?"

"ನೀ ಮೋಟಾರ ನೋಡಾಕ ಬಂದಿದ್ದಿ, ಅಣ್ಣಾ. ನಾ ನಿನ್ನ ನೋಡಾಕತ್ತಿದ್ದೆ," ಎಂದಳು. ಬಿಲ್ಲೆಯತ್ತ ಬಾಗಿ ನೋಡಿ, "ಆ ಅಂಚು ಇನ್ನೂ ಜಿಡ್ಡು ಐತಿ, ತಿಕ್ಕು," ಎಂದಳು.

ಗದಗಿನ ಬಸ್ಸು ಮೂರು ಗಂಟೆಗೆ. ಟಿಕೀಟು ಹದಿನಾಲ್ಕು ಆಣೆ. ಡ್ರೈವರಿನ ಹಿಂದಿನ ಬಾಕಿನ ಮೇಲೆ ಜಾಗ ಸಿಕ್ಕಿತು. ಸುಶೀಲಾ ಊಟವಾದೊಡನೆ ಡಂಬಳಕ್ಕೆ ಹೊರಟು ಹೋಗಿದ್ದಳು, ಅಲ್ಲಿಂದ ಕರೆ ಬಂದಿತ್ತು. ಗಾಳಿ ಹಿಂದಿನ ದಿನಕ್ಕಿಂತ ಜೋರಾಗಿತ್ತು. ಡಂಬಳದ ಕೆರೆ ಕಾಣುವ ಬಯಲಿನಲ್ಲಿ ನಮ್ಮ ಮುಂದೆ ಸಡಕಿನ ಎಡಮಗ್ಗುಲಲ್ಲಿ ಬೇಬಿ ಹೋಗುತ್ತಿತ್ತು. ದಾರಿಯಲ್ಲಿ ಇನ್ನಾವುದೋ ಮನೆಗೆ ಹೋಗಿ ತಡವಾಗಿರಬೇಕು. ಮೇಲಿನಿಂದ ನೋಡಿದರೆ ಇನ್ನೂ ಸಣ್ಣದಾಗಿ ಕಂಡಿತು. ಬಸ್ಸು ಹಾರ್ನು ಹೊಡೆದು ಅದನ್ನು ದಾಟಿತು. ನಮ್ಮ ಗಾಳಿಗೆ ಅದು ಒಂದು ಗೇಣು ಸರಿಯಿತು, ಮತ್ತೆ ನೆಟ್ಟಗಾಯಿತು.

"ಆ ಬೇಬಿ ನೋಡ್ರಿ, ಒಂದಿನ ಹಾರಿ ಹೋಗ್ತೈತಿ," ಎಂದ ಡ್ರೈವರು.

"ಹಾರಂಗಿಲ್ಲ," ಎಂದೆ. "ನಡಸಾಕಿ ಗಟ್ಟಿ ಅದಾಳ."

ತಿರುಗಿ ನೋಡಿದಾಗ ಧೂಳಿನಲ್ಲಿ ಅದರ ತಗಡಿನ ತಲೆ ಮಾತ್ರ ಕಾಣುತ್ತಿತ್ತು. ಐದೂಕಾಲಿಗೆ ಗದಗಿನಲ್ಲಿ ಇಳಿಯುವಾಗ ಒಂದು ಮಾತು ನೆನಪಾಯಿತು. ಬೇಬಿ ಗಾಳಿಗೆ ಸರಿದಾಗ ನನ್ನ ಬಲಗಾಲು ಬಸ್ಸಿನ ನೆಲವನ್ನು ಒತ್ತಿರಲಿಲ್ಲ.